ಫೈಟ್ ನೋಡೋದು, ಗೇಮ್ ಆಡೋದು ಬಿಟ್ಟರೆ ಮಾತ್ರ ಖುಷಿಯಾಗಿರೋಕೆ ಆಗುತ್ತಾ?

ಪ್ರಶ್ನೆ ಕೇಳಿದವರು ಬರೆದಿದ್ದು ಇಷ್ಟು: ವಯಸ್ಸು 23, ಡಿಗ್ರಿ ಮುಗಿದಿದೆ, ಕೆಲಸ ಇನ್ನೂ ಸಿಕ್ಕಿಲ್ಲ. ಭಾನುವಾರ ಯುಎಫ್‌ಸಿ (ಅಮೆರಿಕದ ಫೈಟ್ ಪಂದ್ಯಗಳು) ನೋಡೋದು, ರಾತ್ರಿ ಬಿಜಿಎಂಐ (ಮೊಬೈಲ್‌ನ ಗುಂಡಿನ ಕಾಳಗದ ಗೇಮ್) ಆಡೋದು, ಎರಡರಲ್ಲೇ ಖುಷಿ. ಅವೆರಡನ್ನೂ ಬಿಟ್ಟರೆ ಉದ್ಧಾರ ಆಗ್ತೀಯ ಅಂತ ಮನೆಯಲ್ಲಿ ಹೇಳುತ್ತಾರೆ. ಬಿಡಬೇಕಾ? ದಿನಾ ಖುಷಿಯಾಗಿರಲು ನೀವು ಸ್ವಂತ ಅನುಭವದಿಂದ ಏನು ಕಲಿತಿದ್ದೀರಿ?

ಬಿಡಬೇಡಿ. ನಾನೂ ಬಿಟ್ಟಿಲ್ಲ, ನನಗೀಗ 34. ಕಾರವಾರದಲ್ಲಿ ಒಂದು ಸಣ್ಣ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ದಿನಾ ಖುಷಿಯಾಗಿರುವವರನ್ನು ನಾನಂತೂ ನೋಡಿಲ್ಲ. ಮಲಗಿದ ಕೂಡಲೇ ನಿದ್ದೆ ಬರುವವರನ್ನು ನೋಡಿದ್ದೇನೆ, ನನಗೆ ಅಷ್ಟಾದರೆ ಸಾಕು. ಅದಕ್ಕೆ ಬೇಕಾದ ಒಂದೇ ಒಂದು ವಿದ್ಯೆ ಕಲಿತಿದ್ದೇನೆ. ಕಲಿಸಿದ್ದು ನಿಮ್ಮ ಮನೆಯವರು ಬಿಡು ಅನ್ನುತ್ತಿರುವ ಅದೇ ಫೈಟು, ಅದೇ ಗೇಮು. ತಟ್ಟುವ ವಿದ್ಯೆ.

ನಿಮಗೆ ಗೊತ್ತಿರುತ್ತದೆ, ಓದುವ ಬೇರೆಯವರಿಗಾಗಿ ಹೇಳುತ್ತೇನೆ. ಯುಎಫ್‌ಸಿಯಲ್ಲಿ ನಡೆಯುವುದು ಎಂಎಂಎ, ಅಂದರೆ ಮಿಕ್ಸ್ಡ್ ಮಾರ್ಷಲ್ ಆರ್ಟ್ಸ್; ಅದರಲ್ಲಿ ಗುದ್ದು, ಒದೆ, ಕುಸ್ತಿ ಎಲ್ಲ ಉಂಟು. ಎದುರಾಳಿ ಕೈ ತಿರುಚಿ ಹಿಡಿದಿದ್ದಾನೆ, ಅಥವಾ ಕುತ್ತಿಗೆ ಒತ್ತಿದ್ದಾನೆ, ಬಿಡಿಸಿಕೊಳ್ಳಲು ದಾರಿ ಇಲ್ಲ. ಆಗ ಅವನ ಮೈಮೇಲೋ ನೆಲದ ಮೇಲೋ ಪಟಪಟ ತಟ್ಟಬೇಕು. ರೆಫರಿ ಹಾರಿ ಬಂದು ಬಿಡಿಸುತ್ತಾನೆ. ಸೋತೆ ಅಂತ ಲೆಕ್ಕ, ಕೈ ಮಾತ್ರ ಉಳಿಯುತ್ತದೆ. ಬ್ರೆಜಿಲಿಯನ್ ಜಿಯು-ಜಿಟ್ಸು (ನೆಲಕ್ಕೆ ಕೆಡವಿ ಹಿಡಿತ ಹಾಕುವ ವಿದ್ಯೆ) ಕಲಿಯುವವರು ಅಭ್ಯಾಸದಲ್ಲಿ ದಿನಾ ತಟ್ಟುತ್ತಾರೆ, ವರ್ಷಗಟ್ಟಲೆ ಕಲಿತವರೂ ತಟ್ಟುತ್ತಾರೆ. ಯಾರೂ ನಗುವುದಿಲ್ಲ. ನಮ್ಮದೇ ಜಿಲ್ಲೆಯ ಹಳಿಯಾಳ ಕುಸ್ತಿಗೆ ಹೆಸರಾದ ಊರು. ಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಮುಗಿಯಿತು, ನೀನು ಸೋತೆ ಅಂತ ಬೇರೆಯವರು ಹೇಳುತ್ತಾರೆ. ತಟ್ಟುವಾಗ ಮಾತ್ರ ಆ ಮಾತನ್ನು ನಾವೇ ಹೇಳಬೇಕು. ಕಷ್ಟ ಇರುವುದು ಅಲ್ಲೇ.

2004ರ ಜೂನ್‌ನಲ್ಲಿ ನಡೆದ ಯುಎಫ್‌ಸಿ 48 ನೋಡಿದ್ದೀರಾ? ಹೆವಿವೇಟ್ ಪಟ್ಟಕ್ಕೆ ಫ್ರ್ಯಾಂಕ್ ಮಿರ್, ಟಿಮ್ ಸಿಲ್ವಿಯಾ. ಸಿಲ್ವಿಯಾ ತೆಂಗಿನ ಮರದಂಥ ಆಳು. ಇನ್ನೂ ಒಂದು ನಿಮಿಷ ಆಗಿರಲಿಲ್ಲ, ಮಿರ್ ಅವನ ಕೈಯನ್ನು ಆರ್ಮ್‌ಬಾರ್‌ಗೆ, ಅಂದರೆ ಮೊಣಕೈಯನ್ನು ಹಿಂದಕ್ಕೆ ಬಗ್ಗಿಸುವ ಹಿಡಿತಕ್ಕೆ, ಸಿಕ್ಕಿಸಿದ. ರೆಫರಿ ಹರ್ಬ್ ಡೀನ್ ಕೂಡಲೇ ನುಗ್ಗಿ ನಿಲ್ಲಿಸಿದರು. ಸಿಲ್ವಿಯಾ ಎದ್ದು ನಿಂತು ವಾದಕ್ಕೇ ಇಳಿದ, ನನಗೇನೂ ಆಗಿಲ್ಲ, ಯಾಕೆ ನಿಲ್ಲಿಸಿದಿರಿ ಅಂತ. ಜನರೂ ರೆಫರಿಗೇ ಬೈದರು. ಆಮೇಲೆ ಅದೇ ದೃಶ್ಯವನ್ನು ನಿಧಾನಕ್ಕೆ ತಿರುಗಿ ತೋರಿಸಿದರು. ಮುಂಗೈ ಮೂಳೆ ಲಟಕ್ಕನೆ ಮುರಿಯುವುದು ಕಣ್ಣಿಗೇ ಕಾಣುತ್ತಿತ್ತು. ಮುರಿದ ಕೈ ಇಟ್ಟುಕೊಂಡು ಮುರಿದಿಲ್ಲ ಅಂತ ಜಗಳ!

ಮೊದಲ ಸಲ ಆ ವಿಡಿಯೊ ನೋಡಿದಾಗ ನಾನು ಬಿದ್ದು ಬಿದ್ದು ನಕ್ಕಿದ್ದೆ. ಆಮೇಲೆ ಅದೇ ಕೆಲಸವನ್ನು ನಾನು ಹನ್ನೊಂದು ದಿನ ಮಾಡಿದೆ.

ನಮ್ಮ ಕರಾವಳಿಯಲ್ಲಿ ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಮೀನುಗಾರಿಕೆ ಬಂದ್. ಆಗಸ್ಟ್‌ನಲ್ಲಿ ಬೋಟುಗಳು ಹೊರಟವು ಅಂದರೆ ಅಂಗಡಿಗೆ ನೀರು ಕುಡಿದ ಫೋನುಗಳು ಸಾಲಾಗಿ ಬರುತ್ತವೆ. ಸಿಹಿನೀರಿಗೆ ಬಿದ್ದ ಫೋನ್ ಬೇರೆ, ಉಪ್ಪುನೀರಿಗೆ ಬಿದ್ದದ್ದೇ ಬೇರೆ. (ಎಷ್ಟೋ ಜನ ಅಕ್ಕಿ ಡಬ್ಬಿಯಲ್ಲಿ ಎರಡು ದಿನ ಹೂತಿಟ್ಟು ತರುತ್ತಾರೆ. ನೀರು ಆರಿದರೂ ಉಪ್ಪು ಅಲ್ಲೇ ಕೂತಿರುತ್ತದೆ, ಅಷ್ಟರಲ್ಲಿ ಒಳಗೆಲ್ಲ ಕಿಲುಬು ಹಬ್ಬಿರುತ್ತದೆ. ದಯವಿಟ್ಟು ಹಾಗೆ ಮಾಡಬೇಡಿ. ಸ್ವಿಚ್ ಆಫ್ ಮಾಡಿ ನೇರ ತನ್ನಿ.)

ಬೈತಖೋಲ್ ಬಂದರಿನಲ್ಲಿ ಬೋಟ್ ಕೆಲಸ ಮಾಡುವ ಹಿರಿಯರೊಬ್ಬರು ಅಂಥದ್ದೇ ಫೋನ್ ತಂದರು. ಬೋರ್ಡ್ ಬಿಚ್ಚಿದ ಮೊದಲ ದಿನವೇ ನನಗೆ ಗೊತ್ತಾಯಿತು. ಚಾರ್ಜಿಂಗ್ ಐಸಿ (ಚಾರ್ಜ್ ನೋಡಿಕೊಳ್ಳುವ ಚಿಪ್) ಸುತ್ತ ಹಸಿರು ಕಿಲುಬು, ಮುಟ್ಟಿದರೆ ಪುಡಿ. ಮಲ್ಟಿಮೀಟರ್ ಇಟ್ಟಲ್ಲೆಲ್ಲ ಕುಂಯ್ ಅನ್ನುತ್ತಿತ್ತು, ಅಂದರೆ ಎಲ್ಲ ಕಡೆ ಶಾರ್ಟ್. ಹಳೇ ಹಲ್ಲುಜ್ಜುವ ಬ್ರಶ್ಶಿಗೆ ಐಪಿಎ (ಬೋರ್ಡ್ ತೊಳೆಯುವ ಆಲ್ಕೋಹಾಲ್) ಹಾಕಿ ಉಜ್ಜಿದೆ. ಹೀಟ್ ಗನ್‌ನಿಂದ ಐಸಿ ಎತ್ತಿದೆ, ಅದನ್ನು ಬೆಸೆಯುವ ಕೆಳಗಿನ ಪ್ಯಾಡೇ ಕಿತ್ತು ಬಂತು. ಅಲ್ಲಿಗೆ ಕಥೆ ಮುಗಿದಿತ್ತು. ಆದರೆ ಸಂಜೆ ಅವರು ಬಂದಾಗ ಬಾಯಿಂದ ಬಂದ ಮಾತು, "ನಾಳೆ ಬನ್ನಿ ಅಣ್ಣ, ಆಗ್ತದೆ."

ಮರುದಿನವೂ ಅದೇ. ಅದರ ಮರುದಿನವೂ ಅದೇ. ಬೇರೆ ಬೋರ್ಡಿನಿಂದ ಐಸಿ ತೆಗೆದು ಕೂರಿಸಲು ನೋಡಿದೆ, ಪ್ಯಾಡೇ ಇಲ್ಲದ ಜಾಗದಲ್ಲಿ ಏನು ಕೂರುತ್ತದೆ? ಆಮೇಲಾಮೇಲೆ ಅವರು ಬರುವ ಹೊತ್ತಿಗೆ ಶಟರ್ ಅರ್ಧ ಇಳಿಸಿ ಒಳಗೆ ಕೂರುತ್ತಿದ್ದೆ. ಊಟ ಸೇರುತ್ತಿರಲಿಲ್ಲ. ಕೆಲಸ ಗೊತ್ತಿಲ್ಲದವ ಅಂತ ಅಂದುಕೊಂಡರೆ ಎಂಬ ಒಂದೇ ಹೆದರಿಕೆ. ಹನ್ನೊಂದನೇ ದಿನ ಶಟರ್ ಇಳಿಸುವ ಮೊದಲೇ ಬಂದುಬಿಟ್ಟರು. ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. "ಅಣ್ಣ, ಇದು ನನ್ನ ಕೈಲಿ ಆಗ್ಲಿಲ್ಲ. ಮೊದಲ ದಿನವೇ ಗೊತ್ತಿತ್ತು, ಹೇಳ್ಲಿಲ್ಲ" ಅಂದೆ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. "ಅಂದೇ ಹೇಳೂದಲ್ವಾ ಮಾರಾಯ, ಹೊಸದೇ ತಕಂತಿದ್ದೆ" ಅಂದರು. ಅಷ್ಟೇ. ಸಿಮ್ ಕಿತ್ತುಕೊಂಡು ಹೋದರು. ಎರಡು ದಿನ ಬಿಟ್ಟು ಹೊಸ ಫೋನ್ ತಂದು ನನ್ನ ಹತ್ತಿರವೇ ಗ್ಲಾಸ್ ಹಾಕಿಸಿಕೊಂಡರು.

ಆ ರಾತ್ರಿ ಬಂದಂಥ ನಿದ್ದೆ ನನಗೆ ಅಷ್ಟು ದಿನ ಬಂದಿರಲಿಲ್ಲ. ಈಗ ಆಗದ ಕೆಲಸ ಬಂದರೆ ಕೌಂಟರ್ ಮೇಲೆ ಎರಡು ಸಲ ತಟ್ಟಿ "ಆಗಲ್ಲ" ಅಂದುಬಿಡುತ್ತೇನೆ. ಗಿರಾಕಿಗೆ ಆ ತಟ್ಟಿದ್ದು ಯಾಕೆ ಅಂತ ಅರ್ಥ ಆಗುವುದಿಲ್ಲ, ಇರಲಿ.

ತಟ್ಟಿದವನ ಕಥೆ ಅಲ್ಲಿಗೇ ಮುಗಿಯುವುದೂ ಇಲ್ಲ. 2016ರ ಮಾರ್ಚ್‌ನಲ್ಲಿ ನೇಟ್ ಡಿಯಾಜ್ ಕುತ್ತಿಗೆ ಹಿಡಿದಾಗ ಕಾನರ್ ಮೆಕ್‌ಗ್ರೆಗರ್ ತಟ್ಟಿದ. ಅಷ್ಟು ಬಾಯಿ ಮಾಡುತ್ತಿದ್ದವನು, ಜಗತ್ತೆಲ್ಲ ನೋಡುತ್ತಿರುವಾಗ. ಆಗಸ್ಟ್‌ನಲ್ಲಿ ಅದೇ ಡಿಯಾಜ್ ಜೊತೆ ಐದು ಸುತ್ತು ಕಾದಾಡಿ ತೀರ್ಪಿನ ಮೇಲೆ ಗೆದ್ದ. ನವೆಂಬರ್‌ನಲ್ಲಿ ಇನ್ನೊಂದು ತೂಕದ ವಿಭಾಗದ ಪಟ್ಟವನ್ನೂ ಹೊಡೆದ. ಅವನ ಬಾಯಿ ನನಗೆ ಇಷ್ಟ ಇಲ್ಲ, ಆದರೆ ಆ ಎಂಟು ತಿಂಗಳು ಇಷ್ಟ. ನಮ್ಮ ಪೂಜಾ ತೋಮರ್ 2024ರ ಜೂನ್‌ನಲ್ಲಿ ಯುಎಫ್‌ಸಿಯಲ್ಲಿ ಗೆದ್ದ ಮೊದಲ ಭಾರತೀಯ ಮಹಿಳೆಯಾದಳು. ಮುಂದಿನ ಫೈಟ್‌ನಲ್ಲೇ, ಲಂಡನ್‌ನಲ್ಲಿ, ಆರ್ಮ್‌ಬಾರ್‌ಗೆ ಸಿಕ್ಕಿ ಸೋತಳು. ಮೊದಲ ಗೆಲುವು ಅದರಿಂದ ಅಳಿಸಿ ಹೋಯಿತಾ?

ಇನ್ನು ಗೇಮ್. ಇಲ್ಲಿ ನಿಮ್ಮ ಮನೆಯವರ ಮಾತಿನಲ್ಲಿ ಸ್ವಲ್ಪ ಸತ್ಯ ಇದೆ, ಬೇಜಾರು ಮಾಡಿಕೊಳ್ಳಬೇಡಿ. ನನ್ನ ದೊಡ್ಡ ರೋಗ "ಗೆದ್ದೇ ಮಲಗ್ತೇನೆ" ಅನ್ನೋದು. ಸೋತು ಮಲಗಿದರೆ ಹಾಸಿಗೆ ಚುಚ್ಚುತ್ತಿತ್ತು. ಒಂದು ದಿನ ಅಂಗಡಿಯ ಬಿಲ್ ಪುಸ್ತಕದ ಹಿಂದೆ ಲೆಕ್ಕ ಹಾಕಿದೆ. ಒಂದು ಮ್ಯಾಚ್‌ಗೆ 100 ಜನ, ನಾಲ್ಕು ನಾಲ್ಕು ಜನರ 25 ತಂಡ, ಗೆಲ್ಲುವುದು ಒಂದೇ. ಎಲ್ಲ ತಂಡ ಸಮ ಅಂದುಕೊಂಡರೆ 25 ಆಟಕ್ಕೆ ಒಂದು ಗೆಲುವು. ಗೇಮಿನ ದೊಡ್ಡ ಮೈದಾನ ಎರಾಂಗೆಲ್ ಮ್ಯಾಪ್‌ನಲ್ಲಿ ಕೊನೆಯವರೆಗೆ ಉಳಿದರೆ ಸುಮಾರು ಅರ್ಧ ಗಂಟೆ. ಅಂದರೆ ಹನ್ನೆರಡೂವರೆ ಗಂಟೆ ಆಡಬೇಕು, ಒಂದು ಚಿಕನ್ ಡಿನ್ನರ್‌ಗೆ (ಗೆದ್ದರೆ ಗೇಮಿನಲ್ಲಿ ಹೀಗೇ ಅನ್ನುವುದು)! ಬಾಟ್‌ಗಳು (ಕಂಪ್ಯೂಟರ್ ಆಡಿಸುವ ಆಟಗಾರರು) ಇರುತ್ತವೆ, ನಡುವೆ ಬೇಗ ಸಾಯುವುದೂ ಉಂಟು, ಲೆಕ್ಕ ಆಚೀಚೆ ಆಗುತ್ತದೆ. ಆದರೂ ಗೆದ್ದ ಮೇಲೇ ಮಲಗುವುದು ಅಂದರೆ ಹೆಚ್ಚಿನ ದಿನ ಮಲಗದೇ ಇರುವುದು ಅಂತಲೇ ಅರ್ಥ. ಈಗ ರಾತ್ರಿ ಎರಡು ಮ್ಯಾಚ್. ಎರಡನೆಯದು ಸೋತರೂ ಫೋನ್ ಬೆನ್ನಿಗೆ ಎರಡು ಸಲ ತಟ್ಟಿ ಮೊಗಚಿ ಇಡುತ್ತೇನೆ. ಮೊದಲ ವಾರ ತುಂಬಾ ಕಷ್ಟ ಆಯಿತು. ಈಗಲೂ ತಿಂಗಳಿಗೊಮ್ಮೆ ಮೂರನೆಯದು ಆಗಿಬಿಡುತ್ತದೆ, ಸುಳ್ಳು ಯಾಕೆ ಹೇಳಲಿ.

2020ರ ಸೆಪ್ಟೆಂಬರ್ 2ಕ್ಕೆ ಪಬ್‌ಜಿ ಮೊಬೈಲ್ ಬ್ಯಾನ್ ಆಯಿತು ನೋಡಿ, ಅಕ್ಟೋಬರ್ ಕೊನೆಗೆ ಸರ್ವರ್ ಕೂಡ ನಿಂತಿತು. ಅದರದ್ದೇ ಭಾರತದ ರೂಪ ಬಿಜಿಎಂಐ ಬಂದದ್ದು ಮರುವರ್ಷ ಜುಲೈನಲ್ಲಿ. ನಮ್ಮ ತಂಡದ ನಾಲ್ವರಲ್ಲಿ ಒಬ್ಬ ಶಿರಸಿ ಕಡೆಯ ಅಡಿಕೆ ತೋಟದವ, ಒಬ್ಬ ಗೋವಾದಲ್ಲಿ ಕೆಲಸಕ್ಕಿದ್ದ, ಒಬ್ಬ ಅಂಕೋಲಾದವ. ಎರಡು ವರ್ಷ ಆಡಿದ್ದರೂ ಶಿರಸಿಯವನನ್ನು ನಾವ್ಯಾರೂ ಕಂಡಿರಲಿಲ್ಲ. ಆಟ ನಿಂತ ಮೇಲೂ ರಾತ್ರಿ ಹತ್ತಕ್ಕೆ ಕಾಲ್ ಮಾತ್ರ ನಡೆದೇ ಇತ್ತು. ಕೊಳೆ ರೋಗಕ್ಕೆ ಅವನ ಅಡಿಕೆ ಎಷ್ಟು ಹೋಯಿತು, ನನ್ನ ಅಂಗಡಿಗೆ ಬಾಡಿಗೆ ಎಷ್ಟು ಏರಿತು, ಬರೀ ಇಂಥ ಮಾತು. ಡಿಸೆಂಬರ್‌ನಲ್ಲಿ ಅವ ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಿ ಬೈಕ್ ಮೇಲೆ ಬಂದೇಬಿಟ್ಟ. ಬ್ಯಾಗಲ್ಲಿ ಹಾರ್ಲಿಕ್ಸ್ ಬಾಟಲಿ ತುಂಬ ಅಪ್ಪೆಮಿಡಿ ಉಪ್ಪಿನಕಾಯಿ. ಟ್ಯಾಗೋರ್ ಬೀಚಿನಲ್ಲಿ ಕೂತು ನೋಡಿದರೆ, ದನಿ ಕೇಳಿ ನಾನು ಅಂದುಕೊಂಡದ್ದು ಒಣಕಲು ಮಾಣಿ, ಬಂದದ್ದು ಬಾಗಿಲಿನಷ್ಟು ಅಗಲದ ಆಳು. ಅವ ಮೀನು ತಿನ್ನುವುದಿಲ್ಲ, ಅವನಿಗಾಗಿ ನಾವು ಮೂವರೂ ಅವತ್ತು ಬನ್ಸ್ ತಿಂದೆವು. ನಿಮ್ಮ ಮನೆಯವರು ಗೇಮ್ ಅಂದಾಗ ಇದೂ ಅದರಲ್ಲಿ ಸೇರಿದೆ ಅಂತ ಅವರಿಗೆ ಗೊತ್ತಿಲ್ಲ. ನೀವು ಹೇಳಿರಲಿಕ್ಕೂ ಇಲ್ಲ.

ಹಾಗಂತ ಎಲ್ಲದಕ್ಕೂ ತಟ್ಟಿಬಿಡಿ ಅಂತಲ್ಲ. ಮ್ಯಾಕ್ಸ್ ಹಾಲೊವೇ ಯುಎಫ್‌ಸಿ 300ರಲ್ಲಿ ಜಸ್ಟಿನ್ ಗೇಚಿಯನ್ನು ಕೊನೆಯ ಸುತ್ತಿನ 4 ನಿಮಿಷ 59 ಸೆಕೆಂಡಿಗೆ ಮಲಗಿಸಿದ್ದು ಎಲ್ಲರ ಸ್ಟೇಟಸ್‌ನಲ್ಲೂ ಓಡಾಡಿತು, "ಕೊನೇ ಸೆಕೆಂಡಿನವರೆಗೂ ಬಿಡಬೇಡ" ಅನ್ನುವ ಬರಹದ ಜೊತೆ. ನನಗೂ ಅದು ರೋಮಾಂಚನವೇ. ಆದರೆ ಆ ಹೊತ್ತಿಗೆ ಹಾಲೊವೇ ಅಂಕದಲ್ಲಿ ಮುಂದಿದ್ದ, ಮೈಕೈ ನೆಟ್ಟಗಿತ್ತು. ಕೈ ತಿರುಚಿಸಿಕೊಂಡವನಿಗೂ ಅವನಿಗೂ ಹೋಲಿಕೆ ಇಲ್ಲ. ನಿಮ್ಮ ಕೆಲಸ ಹುಡುಕುವ ವಿಷಯ ಇನ್ನೂ ಮೊದಲ ಸುತ್ತಿನಲ್ಲಿದೆ, ಅದಕ್ಕೆ ಯಾಕೆ ತಟ್ಟುತ್ತೀರಿ? ತಟ್ಟಬೇಕಾದ್ದು ಮನೆಯವರ ಜೊತೆಗಿನ ದಿನದಿನದ ಜಗಳಕ್ಕೆ. "ಹೌದು, ರಾತ್ರಿ ಜಾಸ್ತಿ ಆಡ್ತೇನೆ" ಅಂತ ಒಂದು ಸಲ ಒಪ್ಪಿಕೊಂಡು ನೋಡಿ. ಅವರ ಕೈಯ ಬಿಗಿ ತಾನಾಗಿ ಸಡಿಲ ಆಗುತ್ತದೆ.

ಇನ್ನೊಂದು ಉಪಾಯ, ಅವರನ್ನೂ ಕೂರಿಸಿಕೊಂಡು ಫೈಟ್ ನೋಡಿ. ಅಮೆರಿಕದ ಶನಿವಾರ ರಾತ್ರಿ ನಮಗೆ ರವಿವಾರ ಬೆಳಿಗ್ಗೆ, ದೊಡ್ಡ ಫೈಟುಗಳು ತಿಂಡಿಯ ಹೊತ್ತಿಗೇ ಬರುತ್ತವೆ. ನಮ್ಮ ಆಯಿ (ಅಮ್ಮ) ಮೊದಲೆಲ್ಲ ದೋಸೆ ತಂದಿಟ್ಟು "ಎಂತಕ್ಕೋ ಹೊಡ್ಕಂತ್ರು ಇವ್ರು ಬೆಳಬೆಳಗ್ಗೆ?" ಅಂತ ಬೈದು ಹೋಗುತ್ತಿದ್ದಳು. ಒಂದು ರವಿವಾರ ಯಾರೋ ತಟ್ಟಿದ್ದು ಅವಳ ಕಣ್ಣಿಗೆ ಬಿತ್ತು. ಅವ ಯಾಕೆ ಹಾಗೆ ಮಾಡಿದ ಅಂತ ಕೇಳಿದಳು. ಹೇಳಿದೆ. ಸಟ್ಟುಗ ಹಿಡಿದುಕೊಂಡೇ ಸ್ವಲ್ಪ ಹೊತ್ತು ಯೋಚಿಸಿ, "ಅಷ್ಟೇಯಾ? ಅದ್ನ ನಿನ್ನ ಅಪ್ಪಗೆ ಕಲಸು" ಅಂದಳು.

ಅಪ್ಪನಿಗೆ ಯಾರೂ ಕಲಿಸಲಿಲ್ಲ. ಪೇಪರ್ ಓದುತ್ತ ಮೂಲೆಯಲ್ಲಿ ಕೂತವರು ಎಲ್ಲ ಕೇಳಿಸಿಕೊಂಡಿದ್ದರು ಅಂತ ಕಾಣುತ್ತದೆ. ಹೋದ ರವಿವಾರ ಸಂತೆಯಿಂದ ಬಂಗಡೆ ತಂದರು. ಇದು ನಿನ್ನೆ ಮೊನ್ನೆಯದು ಅಂತ ಆಯಿ, ಬೆಳಿಗ್ಗೆಯಷ್ಟೇ ಬೋಟಿಂದ ಇಳಿಸಿದ್ದು ಅಂತ ಅಪ್ಪ. ಟಿವಿಯಲ್ಲಿ ಫೈಟು, ಅಡುಗೆಮನೆ ಬಾಗಿಲಲ್ಲೂ ಫೈಟು. ಕೊನೆಗೆ ಆಯಿ ಒಂದು ಬಂಗಡೆ ತಂದು ಅವರ ಮುಂದೆ ಹಿಡಿದು ಹೆಬ್ಬೆರಳಿನಿಂದ ಕಿವಿರು ಎತ್ತಿ ತೋರಿಸಿದಳು. ಒಳಗೆ ಕೆಂಪಿರಲಿಲ್ಲ, ಕಂದು. ಅಪ್ಪ ಪೇಪರ್‌ನಿಂದ ತಲೆ ಎತ್ತಲಿಲ್ಲ. ಕುರ್ಚಿಯ ಕೈಮೇಲೆ ಬೆರಳಲ್ಲಿ ಎರಡು ಸಲ ತಟ್ಟಿದರು. ಆಯಿ ಏನೂ ಅನ್ನದೆ ಒಳಗೆ ಹೋಗಿ ಸಾರಿಗೆ ಘಮಕ್ಕೆ ಹಾಕುವ ತೆಫಲದ ಕಾಯಿ ಎರಡು ಜಾಸ್ತಿ ಹಾಕಿದಳು.