ರ‍್ಯಾಮ್ ಹಾಕಿಸಿದರೂ ವಿಡಿಯೊ ತೊದಲುತ್ತಿದೆ

ಪ್ರಶ್ನೆ: ಹಳೆಯ ಆಫೀಸ್ ಕಂಪ್ಯೂಟರೊಂದನ್ನು (ಇಂಟೆಲ್ ಐ5-4570, ವಿಂಡೋಸ್ 10) ಹಾಲ್‌ನಲ್ಲಿರುವ 4ಕೆ ಟಿವಿಗೆ ಜೋಡಿಸಿದ್ದೇನೆ. ತಂಗಿಯ ಮದುವೆಯಲ್ಲಿ ಐಫೋನಿನಲ್ಲಿ ತೆಗೆದ 4ಕೆ ವಿಡಿಯೊ ಹಾಕಿದರೆ ನಿಂತು ನಿಂತು ಬರುತ್ತದೆ. ಫ್ಯಾನ್ ಸದ್ದು ಬೇರೆ. ಅಂಗಡಿಯವರು ಹೇಳಿದರೆಂದು ರ‍್ಯಾಮನ್ನು 8ರಿಂದ 16 ಜಿಬಿ ಮಾಡಿಸಿದೆ, ಏನೂ ಬದಲಾಗಲಿಲ್ಲ. ಸಿನಿಮಾಗಳು ಓಡುತ್ತವೆ, ಆದರೆ ಕ್ಯಾಮೆರಾ ಪಕ್ಕಕ್ಕೆ ತಿರುಗುವಾಗ ಸಣ್ಣಗೆ ಜರ್ಕ್ ಹೊಡೆಯುತ್ತದೆ.
– ಓದುಗರೊಬ್ಬರು, ಸಾಗರ

ಉತ್ತರ: ರ‍್ಯಾಮ್ ಹಾಕಿಸಿ ಪೆಚ್ಚಾದವರಲ್ಲಿ ನಾನೂ ಒಬ್ಬ. ಹಾಗಾಗಿ ಬೈಯುವುದಿಲ್ಲ.

ಮೊದಲು ಆ ಫೈಲನ್ನು ಪೆನ್ ಡ್ರೈವ್‌ಗೆ ಹಾಕಿ ಟಿವಿಗೇ ಚುಚ್ಚಿ ನೋಡಿ. 4ಕೆ ಟಿವಿಗಳು ಸಾಮಾನ್ಯವಾಗಿ ಇಂಥ ವಿಡಿಯೊವನ್ನು ತಾವೇ ಬಿಡಿಸಿಕೊಳ್ಳುತ್ತವೆ, ಅಂದರೆ ಒತ್ತಿ ಚಿಕ್ಕದು ಮಾಡಿದ ಫೈಲನ್ನು ಮತ್ತೆ ಚಿತ್ರವಾಗಿಸುತ್ತವೆ. ಚೆನ್ನಾಗಿ ಓಡಿದರೆ ಮದುವೆಯ ಮಟ್ಟಿಗೆ ಖರ್ಚು ಸೊನ್ನೆ.

ಕಂಪ್ಯೂಟರಿನಲ್ಲೇ ನೋಡಬೇಕು ಅಂದ್ರೆ, ವಿಡಿಯೊ ಓಡುತ್ತಿರುವಾಗ ಟಾಸ್ಕ್ ಮ್ಯಾನೇಜರ್ ತೆರೆದು ಜಿಪಿಯು ಪುಟದಲ್ಲಿ 'ವಿಡಿಯೊ ಡಿಕೋಡ್' ಗೆರೆ ನೋಡಿ. ಹಳೆಯ ಸಿನಿಮಾ ಹಾಕಿದಾಗ ಅದು ಮೇಲೇಳುತ್ತದೆ, ಸಿಪಿಯು ಆರಾಮಾಗಿರುತ್ತದೆ. ಮದುವೆ ವಿಡಿಯೊಗೆ ಆ ಗೆರೆ ಮಲಗಿದ್ದು ಸಿಪಿಯು 100ಕ್ಕೆ ಹತ್ತಿದ್ದರೆ ರೋಗ ಸಿಕ್ಕಿತು. ಸಿನಿಮಾ ಫೈಲುಗಳು ಹೆಚ್ಚಾಗಿ ಎಚ್.264 ಎಂಬ ಹಳೆಯ ವಿಧಾನದಲ್ಲಿ ಒತ್ತಿದವು. ಅದನ್ನು ಬಿಡಿಸುವ ಸರ್ಕ್ಯೂಟ್ ನಿಮ್ಮ ಚಿಪ್ಪಿನಲ್ಲೇ ಇದೆ. ಐಫೋನಿನ 4ಕೆ ಸಾಮಾನ್ಯವಾಗಿ ಅದಕ್ಕಿಂತ ಹೊಸ ವಿಧಾನವಾದ ಎಚ್‌ಇವಿಸಿ. ಅದಕ್ಕೆ ಪೂರ್ತಿ ಹಾರ್ಡ್‌ವೇರ್ ಬೆಂಬಲ ಇಂಟೆಲ್‌ನಲ್ಲಿ ಬಂದದ್ದು 2015ರ ಆರನೇ ತಲೆಮಾರಿಗೆ, ಹೆಚ್ಚು ಬಣ್ಣಛಾಯೆಯ 10 ಬಿಟ್‌ನದ್ದು ಏಳಕ್ಕೆ. ನಿಮ್ಮದು 2013ರ ನಾಲ್ಕನೆಯದು. ಪ್ಲೇಯರ್ ಬದಲಿಸಿದರೆ ಇಲ್ಲದ ಸರ್ಕ್ಯೂಟ್ ಹುಟ್ಟುವುದಿಲ್ಲ, ಅಲ್ವಾ?

ದುಡ್ಡು ಹಾಕಲು ಮನಸ್ಸಿಲ್ಲದಿದ್ದರೆ ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಆ ಫೈಲನ್ನು 1080ಪಿ ಎಚ್.264 ಮಾಡಿಕೊಳ್ಳಿ. ರಾತ್ರಿ ಹಚ್ಚಿ ಮಲಗಿದರಾಯಿತು.

ಜರ್ಕ್ ಬೇರೆಯದೇ ಕಥೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ, ಟಿವಿ ತೋರಿಸುವುದು 60. ಸಮ ಹಂಚಿಕೆ ಆಗದೆ ಒಂದು ಚಿತ್ರ ಎರಡು ಸಲ, ಮುಂದಿನದು ಮೂರು ಸಲ ಬರುತ್ತದೆ. ಕೋಡಿ ಎಂಬ ವಿಡಿಯೊ ಪ್ಲೇಯರ್ ಹಾಕಿಕೊಂಡು ಪ್ಲೇಯರ್ ಸೆಟ್ಟಿಂಗ್‌ನಲ್ಲಿ 'ಅಡ್ಜಸ್ಟ್ ಡಿಸ್‌ಪ್ಲೇ ರಿಫ್ರೆಶ್ ರೇಟ್' ಆನ್ ಮಾಡಿ. ಸಿನಿಮಾ ಶುರುವಾದಾಗ ಟಿವಿ ಒಂದು ಕ್ಷಣ ಕಪ್ಪಾಗಿ 24ಕ್ಕೆ ಬದಲಾಗುತ್ತದೆ. ಗಾಬರಿ ಬೇಡ. ಡೆಸ್ಕ್‌ಟಾಪನ್ನು 4ಕೆಗೆ ಇಟ್ಟಿದ್ದರೆ 1080ಪಿಗೆ ಇಳಿಸಿ. ನಿಮ್ಮ ಕಾಲದ ಎಚ್‌ಡಿಎಂಐನಲ್ಲಿ 4ಕೆ ಅಂದರೆ ಸೆಕೆಂಡಿಗೆ 30 ಚಿತ್ರ ಮಾತ್ರ. ಮೌಸ್ ಕೂಡ ಬೆಲ್ಲದ ಪಾಕದಲ್ಲಿ ಓಡಾಡಿದ ಹಾಗಿರುತ್ತದೆ.

ಗ್ರಾಫಿಕ್ಸ್ ಕಾರ್ಡ್ ಕೊಳ್ಳುವುದಾದರೆ ಎನ್‌ವಿಡಿಯಾ ಜಿಟಿ 1030 ಸಾಕು. 30 ವ್ಯಾಟ್, ಬೇರೆ ಪವರ್ ಕೇಬಲ್ ಬೇಡ. ಎಚ್‌ಇವಿಸಿ, ಯೂಟ್ಯೂಬಿನ ವಿಪಿ9 ಎರಡನ್ನೂ ಬಿಡಿಸುತ್ತದೆ. ಎವಿ1 ಎಂಬ ಇನ್ನೂ ಹೊಸ ವಿಧಾನ ಮಾತ್ರ ಆಗದು. ಅಗ್ಗಕ್ಕೆ ಸಿಕ್ಕಿತೆಂದು ಜಿಟಿ 730 ತರಬೇಡಿ, ಅದರಲ್ಲಿ ಎಚ್‌ಇವಿಸಿಯೇ ಇಲ್ಲ. ಸಣ್ಣ ಕ್ಯಾಬಿನೆಟ್ ಆದರೆ ಗಿಡ್ಡ ಕಾರ್ಡ್ ಬೇಕು, 'ಲೋ ಪ್ರೊಫೈಲ್' ಎಂದು ಕೇಳಿ ತನ್ನಿ. ನಾನು ಕೇಳದೆ ತಂದು, ಒಂದು ತಿಂಗಳು ಮುಚ್ಚಳ ತೆಗೆದೇ ಸಿನಿಮಾ ನೋಡಿದೆ.