ಹೆಸರು ಕೇಳಿದರೆ ತಡವರಿಸುವವರ ಪುಸ್ತಕಗಳು

ನೀವು ಕೇಳಿರೋದು ಇಷ್ಟು: ವಯಸ್ಸು ಇಪ್ಪತ್ತಾರು, ಯಾವ ಗುಂಪಿನಲ್ಲಿದ್ದರೂ ಹೊರಗಿನವನು ಅನ್ನಿಸುತ್ತೆ, ‘ನಾನು ಯಾರು’ ಅನ್ನೋದನ್ನು ಅರ್ಥ ಮಾಡಿಕೊಳ್ಳೋಕೆ, ಸ್ವಲ್ಪ ಬೆಳೆಯೋಕೆ ಯಾವ ಪುಸ್ತಕ ಓದಲಿ, ಉಪದೇಶದ ಪುಸ್ತಕ ಮಾತ್ರ ಬೇಡ.

ಉಪದೇಶ ಬೇಡ ಅಂದಿದ್ದು ಒಳ್ಳೇದಾಯ್ತು. ಅಂಥವು ನನ್ನ ಹತ್ತಿರವೂ ಏಳೆಂಟಿವೆ. ಎಲ್ಲದರಲ್ಲೂ ಮೊದಲ ಮೂವತ್ತು ಪುಟಕ್ಕೆ ಮಾತ್ರ ಪೆನ್ಸಿಲ್ ಗೆರೆ ಬಿದ್ದಿದೆ, ಆಮೇಲೆ ಹೊಸದಾಗಿದೆ. ನಾನು ಹೇಳೋದೆಲ್ಲ ಕಥೆ, ಕಾದಂಬರಿ, ಆತ್ಮಕಥೆ. ‘ನೀವು ಯಾರು’ ಅಂತ ಯಾರಾದರೂ ಕೇಳಿದಾಗ ಉತ್ತರ ಬಾಯಲ್ಲೇ ಸಿಕ್ಕಿಕೊಳ್ಳುವ ಜನ ಇರುವ ಪುಸ್ತಕಗಳನ್ನೇ ನಾನು ಹುಡುಕೋದು. ಒಂದು ಎಚ್ಚರಿಕೆ, ಕೆಲವು ಕಡೆ ಕಥೆಯ ಗುಟ್ಟು ಬಿಟ್ಟುಕೊಡ್ತೀನಿ.

ಮೊದಲು ಅನಂತಮೂರ್ತಿಯವರ ‘ಸಂಸ್ಕಾರ’ (1965). ಹೆಸರು ಕೇಳಿದ ಕೂಡಲೇ ‘ಅಯ್ಯೋ, ಅದು ಪಠ್ಯದಲ್ಲಿತ್ತು’ ಅನ್ನಬೇಡಿ. ಹತ್ತೊಂಬತ್ತಕ್ಕೆ ಓದಿದಾಗ ನನಗೂ ಕಂಡಿದ್ದು ನಾರಣಪ್ಪನ ಹೆಣ ಮಾತ್ರ, ಅದನ್ನು ಯಾರು ಸುಡಬೇಕು ಅನ್ನೋ ಜಗಳ ಮಾತ್ರ. ಪರೀಕ್ಷೆಗೂ ಅದನ್ನೇ ಬರೆದೆ. ಮತ್ತೆ ಓದಿದ್ದು ಮೂವತ್ನಾಲ್ಕಕ್ಕೆ. ಆಗಷ್ಟೇ ಹನ್ನೊಂದು ವರ್ಷ ಮಾಡಿದ ಕೆಲಸ ಬಿಟ್ಟಿದ್ದೆ. ಯಾರಾದರೂ ‘ಏನು ಮಾಡ್ಕೊಂಡಿದ್ದೀರಿ’ ಅಂದರೆ ಹಳೇ ಕಂಪನಿಯ ಹೆಸರು ನಾಲಿಗೆ ತುದಿಗೆ ಬಂದುಬಿಡೋದು, ಅರ್ಧಕ್ಕೇ ನುಂಗಿಕೊಂಡು ಏನೋ ಒಂದು ಹೇಳಿ ಜಾರಿಕೊಳ್ಳುತ್ತಿದ್ದೆ. ಆ ಸಲ ನನ್ನನ್ನು ಹಿಡಿದದ್ದು ಪುಸ್ತಕದ ಕೊನೆಯ ಭಾಗ. ಊರಿಗೆಲ್ಲ ಧರ್ಮ ಹೇಳುತ್ತಿದ್ದ ಪ್ರಾಣೇಶಾಚಾರ್ಯ ಎಲ್ಲ ಬಿಟ್ಟು ಹೊರಟಿದ್ದಾನೆ, ದಾರಿಯಲ್ಲಿ ಪುಟ್ಟ ಅನ್ನೋ ಒಬ್ಬ ಗಂಟು ಬೀಳುತ್ತಾನೆ, ಬಿಟ್ಟು ಹೋಗೋದೇ ಇಲ್ಲ, ಮಾತು ಮಾತು ಮಾತು. ಆಚಾರ್ಯನಿಗೆ ತಾನು ಯಾರು ಅಂತ ಹೇಳಿಕೊಳ್ಳೋಕೆ ಭಯ. ಜಾತ್ರೆಯ ಜನದ ನಡುವೆ ಯಾರಾದರೂ ಗುರುತು ಹಿಡಿದರೆ ಅಂತ ಇನ್ನೊಂದು ಭಯ. ಪುಟ್ಟನಿಗೆ ಈ ಯಾವ ತಾಪತ್ರಯವೂ ಇಲ್ಲ, ಎಲ್ಲಿ ನಿಂತರೂ ಅದೇ ಅವನ ಊರು. ಎಲ್ಲೂ ಹೊಂದಿಕೊಳ್ಳೋಕಾಗದವನ ಪಕ್ಕ ಎಲ್ಲೆಲ್ಲೂ ಹೊಂದಿಕೊಳ್ಳುವವನು ನಡೆಯುತ್ತಿದ್ದಾನೆ! ಆಚಾರ್ಯ ಕೊನೆಗೆ ಊರಿನ ದಾರಿ ಹಿಡಿಯುತ್ತಾನೆ, ಆದರೆ ಊರು ಮುಟ್ಟುವುದನ್ನು ಲೇಖಕರು ತೋರಿಸಲ್ಲ. ಹತ್ತೊಂಬತ್ತರಲ್ಲಿ ಇದಕ್ಕೆ ಸಿಟ್ಟು ಬಂದಿತ್ತು. ಎರಡನೇ ಸಲ ಎಷ್ಟೋ ಸಮಾಧಾನ ಆಯ್ತು, ಯಾಕೆಂದರೆ ನಾನೂ ಎಲ್ಲೂ ಮುಟ್ಟಿರಲಿಲ್ಲ.

ಅದೇ ವರ್ಷ ಬಂದದ್ದು ಭೈರಪ್ಪನವರ ‘ವಂಶವೃಕ್ಷ’. ವಂಶ, ಕುಲ ಅಂತಲೇ ಬದುಕಿದ ಶ್ರೀನಿವಾಸ ಶ್ರೋತ್ರಿಯವರಿಗೆ ಮುಪ್ಪಿನಲ್ಲಿ ತಾವೇ ಆ ವಂಶದ ರಕ್ತ ಅಲ್ಲ ಅಂತ ಗೊತ್ತಾಗುತ್ತೆ. ಲೇಖಕರ ಎಲ್ಲ ವಿಚಾರಗಳನ್ನು ನಾನು ಒಪ್ಪಲ್ಲ, ಮರುಮದುವೆಯಾಗುವ ಅವರ ವಿಧವೆ ಸೊಸೆ ಕಾತ್ಯಾಯನಿಗೆ ಕಾದಂಬರಿ ಕೊಟ್ಟ ಶಿಕ್ಷೆ ಅತಿಯಾಯ್ತು ಅಂತ ಈಗಲೂ ಅನ್ನಿಸುತ್ತೆ. ಆದರೂ ಶ್ರೋತ್ರಿಯವರಿಗೆ ಸತ್ಯ ತಿಳಿಯುವ ಭಾಗ ಓದಿ. ಅಲ್ಲಿವರೆಗೆ ಅವರು ಇನ್ನೊಬ್ಬರಿಗೆ ಹೇಳಿದ ಒಂದೊಂದು ಮಾತೂ ಅವರಿಗೇ ತಿರುಗಿ ಬರುತ್ತೆ.

ಗುಂಪಿಗೆ ಸೇರೋದು ಅಂದರೇನು ಅಂತ ಕೇಳಿದರೆ ನಾನು ತೋರಿಸೋದು ವಿವೇಕ ಶಾನಭಾಗರ ‘ಘಾಚರ್ ಘೋಚರ್’. ತೆಳ್ಳಗಿನ ಪುಸ್ತಕ. ಹೆಸರಿನಲ್ಲಿರೋ ಪದಕ್ಕೆ ನಿಘಂಟಿನಲ್ಲಿ ಅರ್ಥ ಇಲ್ಲ. ಅದು ಅನಿತಾಳ ತವರಿನವರಿಗೆ ಮಾತ್ರ ಗೊತ್ತಿದ್ದ, ಬಿಡಿಸಲಾಗದ ಹಾಗೆ ಸಿಕ್ಕಾಗೋದಕ್ಕೆ ಅವರೇ ಕಟ್ಟಿಕೊಂಡ ಪದ. ಹೊಸದಾಗಿ ಮದುವೆಯಾದ ಗಂಡನಿಗೆ ಅವಳು ಅದನ್ನು ಹೇಳಿಕೊಟ್ಟಾಗ ಅವನಿಗೆ ಒಂದು ಬಾಗಿಲು ತೆರೆದಂತಾಗುತ್ತೆ. ನಮಗೂ ಹಾಗೇ ಅಲ್ವಾ? ಗೆಳೆಯರ ಹಳೇ ತಮಾಷೆ ಅರ್ಥವಾಗದೆ ಸುಮ್ನೆ ನಕ್ಕ ದಿನ ನಾವು ಹೊರಗೆ, ಅರ್ಥವಾಗಿ ನಕ್ಕ ದಿನ ಒಳಗೆ. ಆದರೆ ಪುಸ್ತಕ ಈ ಬೆಚ್ಚಗಿನ ಜಾಗದಲ್ಲಿ ನಿಲ್ಲಲ್ಲ. ಅವನ ಮನೆಯವರು ಎಷ್ಟು ಒಗ್ಗಟ್ಟು ಅಂದರೆ, ಚಿಕ್ಕಪ್ಪನನ್ನು ಹುಡುಕಿಕೊಂಡು ಬಾಗಿಲಿಗೆ ಬಂದ ಹೆಂಗಸನ್ನು ಬೈದು ಅಟ್ಟುತ್ತಾರೆ. ಅನಿತಾಳ ಗಂಡ ನೋಡುತ್ತಾ ನಿಂತಿರುತ್ತಾನೆ. ಅದನ್ನು ಓದಿದ ಮೇಲೆ ‘ನನ್ನನ್ನು ಯಾಕೆ ಸೇರಿಸಿಕೊಳ್ಳಲ್ಲ’ ಅನ್ನೋ ನನ್ನ ಹಳೇ ಗೋಳು ಸ್ವಲ್ಪ ಕಡಿಮೆಯಾಯ್ತು. ಸೇರಿಸಿಕೊಂಡಿದ್ದರೆ ನಾನೂ ಯಾವುದೋ ಬಾಗಿಲಲ್ಲಿ ಹಾಗೇ ನಿಂತಿರುತ್ತಿದ್ದೆನೇನೋ.

ಝುಂಪಾ ಲಾಹಿರಿಯವರ ‘ದಿ ನೇಮ್‌ಸೇಕ್’ (2003) ಇಂಗ್ಲಿಷಿನದ್ದು, ಭಾಷೆ ಸುಲಭ. ಮನೆಯಲ್ಲಿ ಕರೆಯೋಕೆ ಇಟ್ಟ ‘ಗೋಗೋಲ್’ ಅನ್ನೋ ರಷ್ಯನ್ ಲೇಖಕನ ಹೆಸರೇ ದಾಖಲೆಯಲ್ಲೂ ಉಳಿದುಬಿಟ್ಟ ಹುಡುಗ, ದೊಡ್ಡವನಾಗಿ ನಿಖಿಲ್ ಅಂತ ಬದಲಾಯಿಸಿಕೊಳ್ಳುತ್ತಾನೆ. ಆ ಹೆಸರನ್ನು ಅಪ್ಪ ಯಾಕೆ ಇಟ್ಟರು ಅಂತ ಅವನಿಗೆ ತಿಳಿಯೋದು ಅದನ್ನು ಕಳಚಿ ಹಾಕಿದ ಮೇಲೆ. ನಡುವಿನ ಪ್ರೇಮ ಪ್ರಕರಣಗಳು ನನಗೆ ಸ್ವಲ್ಪ ಉದ್ದ ಅನ್ನಿಸಿದವು, ಅಪ್ಪ ಸತ್ತ ಮೇಲಿನ ಪುಟಗಳಿಗಾಗಿ ಅಷ್ಟನ್ನೂ ಸಹಿಸಬಹುದು.

ಇಲ್ಲಿಗೆ ನಿಲ್ಲಿಸಿದರೆ ಅನ್ಯಾಯ. ಇಲ್ಲಿವರೆಗೆ ಹೇಳಿದ ಜನರಿಗೆಲ್ಲ ಕಳೆದುಕೊಳ್ಳೋಕೆ ಒಂದು ಗುರುತಾದರೂ ಇತ್ತು. ದಲಿತ ಕವಿ ಸಿದ್ಧಲಿಂಗಯ್ಯನವರ ಆತ್ಮಕಥೆ ‘ಊರುಕೇರಿ’ಯಲ್ಲಿ ಗುರುತನ್ನು ಬೇರೆಯವರು ಮೊದಲೇ ಬರೆದಿಟ್ಟಿದ್ದಾರೆ. ಶುರುವಿನಲ್ಲೇ ಇಬ್ಬರು ಮನುಷ್ಯರ ಹೆಗಲಿಗೆ ನೊಗ ಕಟ್ಟಿ ಎತ್ತುಗಳ ಹಾಗೆ ಹೊಲ ಉಳುಮೆ ಮಾಡಿಸುತ್ತಿರೋದನ್ನು ಹುಡುಗ ನೋಡುತ್ತಾನೆ, ಅವರಲ್ಲಿ ಒಬ್ಬ ಅವನ ಅಪ್ಪ. ಇಷ್ಟು ಹೇಳಿದ ಲೇಖಕರೇ ಮುಂದೆ ಪುಟಪುಟಕ್ಕೂ ನಗಿಸುತ್ತಾರೆ. ಆ ನಗು ಎಲ್ಲಿಂದ ಬಂತು ಅಂತ ನನಗೆ ಇವತ್ತಿಗೂ ಪೂರ್ತಿ ಅರ್ಥವಾಗಿಲ್ಲ, ಅದಕ್ಕೇ ಮತ್ತೆ ಮತ್ತೆ ಓದ್ತೀನಿ. ಎ. ರೇವತಿಯವರ ಆತ್ಮಕಥೆಯೂ ಇದರ ಜೊತೆ ಇರಲಿ. ದು. ಸರಸ್ವತಿಯವರು ಅದನ್ನು ‘ಬದುಕು ಬಯಲು’ ಅಂತ ಕನ್ನಡಕ್ಕೆ ತಂದಿದ್ದಾರೆ. ಗಂಡು ಅಂತ ಬೆಳೆಸಿದ ದೇಹದೊಳಗೆ ತಾನು ಹೆಣ್ಣು ಅಂತ ಗೊತ್ತಿರುವವರ ಕಥೆ. ಹುಟ್ಟಿದ ಮನೆಯಲ್ಲಿ ಸಿಕ್ಕಿದ್ದು ಏಟು. ಹೊರಗೆ ತನ್ನಂಥವರ ನಡುವೆ ಅಮ್ಮ, ಅಕ್ಕ, ತಂಗಿ ಅನ್ನೋ ಹೊಸ ನಂಟು ಸಿಗುತ್ತೆ. ಅಲ್ಲೂ ಎಲ್ಲ ಸರಿ ಇರಲ್ಲ, ಅದನ್ನೂ ಅವರು ಮುಚ್ಚಿಡಲ್ಲ. ಕಷ್ಟದ ಪುಸ್ತಕ, ಒಂದೇ ಸಲ ಓದಿ ಮುಗಿಸೋಕೆ ಹೋಗಬೇಡಿ.

ಜರ್ಮನ್ ಲೇಖಕ ಹೆಸ್ಸೆಯ ಕಾದಂಬರಿ ‘ಸಿದ್ಧಾರ್ಥ’ (1922) ಓದಿ ಅಂತ ನಿಮಗೆ ಖಂಡಿತ ಯಾರಾದರೂ ಹೇಳ್ತಾರೆ. ಓದಿ, ಚಿಕ್ಕದು. ನದಿ, ಜ್ಞಾನ ಎಲ್ಲ ನನಗೆ ಅಷ್ಟು ತಟ್ಟಲಿಲ್ಲ. ಅಪ್ಪನನ್ನು ಬಿಟ್ಟು ಹೊರಟವನನ್ನು ಅವನ ಮಗನೇ ಬಿಟ್ಟು ಓಡಿಹೋಗ್ತಾನಲ್ಲ, ಅದೊಂದು ಮಾತ್ರ ಚುಚ್ಚಿತು.

ನಿಮ್ಮ ಜಾಗದಲ್ಲಿ ನಾನಿದ್ದರೆ ‘ಘಾಚರ್ ಘೋಚರ್’ ಮೊದಲು, ಆಮೇಲೆ ‘ಊರುಕೇರಿ’. ‘ಸಂಸ್ಕಾರ’ ಈಗ ಒಂದು ಸಲ ಓದಿ, ಗೆರೆ ಎಳೆದ ಕಡೆ ಪಕ್ಕದಲ್ಲಿ ತಾರೀಖು ಹಾಕಿಡಿ. ನನ್ನ ಹಳೇ ಪ್ರತಿಯಲ್ಲಿ ಪುಟ್ಟ ಬರುವ ಪುಟಗಳಲ್ಲಿ ಒಂದೂ ಗೆರೆ ಇಲ್ಲ, ಒಂದು ಕಡೆ ಮಾತ್ರ ಅಂಚಿನಲ್ಲಿ ‘ಬೋರ್’ ಅಂತ ನನ್ನದೇ ಅಕ್ಷರದಲ್ಲಿ ಬರೆದಿದೆ.