ಗಲ್ಲಾದ ದುಡ್ಡು ಬ್ಯಾಂಕಿಗೂ ಕಾಣಬೇಕು

ಪ್ರಶ್ನೆ: ಡೊಂಬಿವಲಿಯಲ್ಲಿ ಸಣ್ಣ ಹೋಟೆಲ್ ಇದೆ, ವ್ಯಾಪಾರ ಚೆನ್ನಾಗಿದೆ. 50 ಲಕ್ಷದ ಫ್ಲಾಟ್ ನೋಡಿದ್ದೇವೆ. ಸಾಲ ಸಿಗುತ್ತಾ ಅಂತ ಹೆಂಡತಿಗೆ ಅನುಮಾನ.

ಉತ್ತರ: ಅವರ ಅನುಮಾನ ಸರಿಯಾಗಿಯೇ ಇದೆ. ಇಡ್ಲಿ ಮಾರಿದ ದುಡ್ಡು ಗಲ್ಲಾದಿಂದ ನೇರ ತರಕಾರಿಯವನ ಕೈಗೆ ಹೋದರೆ ಬ್ಯಾಂಕಿಗೆ ಕಾಣುವುದೇ ಇಲ್ಲ, ಅವರು ನೋಡುವುದು ಎರಡು-ಮೂರು ವರ್ಷದ ಐಟಿ ರಿಟರ್ನ್ ಮತ್ತು ಖಾತೆಯ ವಹಿವಾಟು. ದಿನದ ಗಳಿಕೆ ಖಾತೆಗೆ ಕಟ್ಟಿ. ತೆರಿಗೆ ಉಳಿಸೋಣ ಅಂತ ಆದಾಯ ಕಮ್ಮಿ ತೋರಿಸಿದರೆ ಸಾಲವೂ ಕಮ್ಮಿ, ಅಲ್ವಾ? ಸಿಬಿಲ್ ಸ್ಕೋರ್, ಅಂದರೆ ಹಿಂದಿನ ಸಾಲ ಸರಿಯಾಗಿ ತೀರಿಸಿದ್ದೀರಾ ಅಂತ ತೋರಿಸುವ ಅಂಕ, 750 ದಾಟಿದ್ದರೆ ಒಳ್ಳೆಯದು. ಫ್ರಿಜ್ ಕಂತು ಬಾಕಿಯಿದ್ದರೆ ಮೊದಲು ಮುಗಿಸಿ. ಈ ಮನೆಗೆ ಸಾಲ ಹೆಚ್ಚೆಂದರೆ 40 ಲಕ್ಷ, ಉಳಿದ 10 ನಿಮ್ಮ ಕೈಯಿಂದ. ಸ್ಟ್ಯಾಂಪ್ ಡ್ಯೂಟಿ ಬೇರೆ, ನೋಂದಣಿಗೆ 30,000 ಬೇರೆ. ಮಹಾರಾಷ್ಟ್ರದಲ್ಲಿ ಹೆಂಗಸರ ಹೆಸರಿಗೆ ಕೊಂಡರೆ ಡ್ಯೂಟಿ 1% ಕಡಿಮೆ. ಅನುಮಾನ ಪಟ್ಟವರ ಹೆಸರಿಗೇ ಬರೆಸಿ!